ಹೊನ್ನಾರು ಹೂಡಿದ ಹವಾಲ್ದಾರ

ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ತಪ್ಪಿಹೋಗಿ ನಿಂತಿದ್ದ ಒಂದು ಮಧ್ಯಾಹ್ನ, ಹೋಟೆಲಿನ ಮುಂದಿನ ಕಲ್ಲುಬೆಂಚಿನ ಮೇಲೆ ಒಬ್ಬ ಮನುಷ್ಯ ತನ್ನ ಬಲ ಅಂಗಾಲಿಗೆ ತಾನೇ ಸುತ್ತಿಗೆಯಿಂದ ಮೊಳೆ ಹೊಡೆದುಕೊಳ್ಳುತ್ತಿದ್ದುದನ್ನು ನಾನು ನೋಡಿದೆ. ಮೊಳೆ ಹಿಡಿದುಕೊಂಡು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತಿದ್ದವನು ಪಕ್ಕದ ಟಯರ್ ಅಂಗಡಿಯವನು. ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಹೊಡೆಯುತ್ತಿದ್ದವನು ಮಾತ್ರ ಎಲೆ ಅಡಿಕೆ ಜಗಿಯುತ್ತಾ, ಹುಬ್ಬು ಕೂಡ ಅಲುಗಿಸದೆ, ಠಪ್ ಠಪ್ ಎಂದು ಬಾರಿಸುತ್ತಿದ್ದ.

"ನೆಟ್ಗೆ ಇಡ್ಕಳ್ಲಾ. ಬೆರಳು ನಿಂದು, ಕಾಲು ನಂದು. ನೋವಾಗೋದೇನಿದ್ರೂ ನಿಂಗೇಯ."

ಮೋಡಿ ಆಟದವನು ಎಂದು ತೀರ್ಮಾನಿಸಿದೆ. ಆ ದಿನಗಳಲ್ಲಿ ಗಾಜು ತಿನ್ನುವವರು, ನಾಲಿಗೆಗೆ ಸೂಜಿ ಚುಚ್ಚಿಕೊಳ್ಳುವವರು ಬಸ್ ನಿಲ್ದಾಣಗಳಲ್ಲಿ ಬೇಕಾದಷ್ಟಿದ್ದರು. ಇವನು ಆ ಕಸುಬಿನಲ್ಲಿ ಇನ್ನೂ ಮೇಲ್ದರ್ಜೆಯವನು ಎಂದು ಮೆಚ್ಚಿಕೊಂಡು, ತಟ್ಟೆ ಯಾವಾಗ ತಿರುಗುತ್ತದೋ ಎಂದು ಹತ್ತಿರ ಹೋಗಿ ನಿಂತೆ. ರಕ್ತ ಬರಲಿಲ್ಲ. ತಟ್ಟೆಯೂ ಬರಲಿಲ್ಲ. ಆತ ಎದ್ದು, ಟಯರಿನ ತುಂಡು ಬಡಿದಿದ್ದ ಕಾಲನ್ನು ನೆಲಕ್ಕೆ ಕುಟ್ಟಿ ನೋಡಿ, ನನ್ನನ್ನು ಮೇಲಿಂದ ಕೆಳಗೆ ಒಮ್ಮೆ ಅಳೆದು, "ಆಟ ಮುಗೀತು, ಓಗಿ" ಎಂದು ಹೇಳಿ ಕೆ.ಆರ್.ಪೇಟೆ ಬಸ್ಸು ಹತ್ತಿದ.

ಹೋಟೆಲಿನವರು ಆಮೇಲೆ ಬಿಡಿಸಿ ಹೇಳಿದರು. "ಮೋಡಿನೂ ಇಲ್ಲ ಗೀಡಿನೂ ಇಲ್ಲ ಸಾ. ಅದು ಮರದ್ ಕಾಲು. ಮಿಲ್ಟ್ರಿ ಮರಿಸ್ವಾಮಿ ಅಂತ. ಯುಗಾದಿ ಬಂತಲ್ಲ, ಹೊಲ ಉಳಾಕೆ ಕಾಲ್ಗೆ ಟಯರ್ ಹಾಕುಸ್ಕೊಂಡೋಯ್ತಾವ್ರೆ."

ಕಾಲಿಗೆ ಟಯರು ಹಾಕಿಸಿಕೊಂಡು ಹೊಲ ಉಳಲು ಹೊರಟಿದ್ದ ಆ ಮನುಷ್ಯನ ಊರು ಮಾಳೇಕೊಪ್ಪಲು. ಸಿಂಧಘಟ್ಟದಲ್ಲಿ ಬಸ್ಸಿಳಿದು, ಕೆರೆ ಏರಿಯ ಮೇಲೆ ನಡೆದು ಹೋಗಬೇಕು. ಮರಿಸ್ವಾಮಿ ಅಲ್ಲಿಂದ ಸೈನ್ಯಕ್ಕೆ ಸೇರಿ, ಹವಾಲ್ದಾರನಾಗಿ, ಎಂಬತ್ತೊಂಬತ್ತರಲ್ಲಿ ಶಾಂತಿ ಕಾಯುವುದಕ್ಕೆಂದು ಶ್ರೀಲಂಕಾಕ್ಕೆ ಹೋದ. ಅಲ್ಲಿ ತಾಳೆಮರಗಳ ನಡುವಿನ ಒಂದು ಮಣ್ಣುದಾರಿಯಲ್ಲಿ ಯಾರೋ ಹೂತಿಟ್ಟಿದ್ದ ಬಾಂಬಿನ ಮೇಲೆ ಕಾಲಿಟ್ಟ. ಬಲಗಾಲು ಮೊಣಕಾಲಿನಿಂದ ಕೆಳಕ್ಕೆ ಹೋಯಿತು, ಎಡಗೈ ಮಣಿಕಟ್ಟಿನಿಂದ ಕೆಳಕ್ಕೆ ಹೋಯಿತು. ಮದರಾಸಿನ ಆಸ್ಪತ್ರೆ, ಪುಣೆಯಲ್ಲಿ ಹೊಸ ಕಾಲು ಎಲ್ಲ ಮುಗಿಸಿ ತೊಂಬತ್ತರ ಕೊನೆಗೆ ಊರಿಗೆ ಬಂದಿಳಿದಾಗ ಅವನ ಯೋಚನೆ ಬಹಳ ಸರಳವಾಗಿತ್ತು. ಕೆರೆ ಹಿಂದೆ ಎರಡು ಎಕರೆ ಹೊಲವಿದೆ. ಕೊಟ್ಟಿಗೆಯಲ್ಲಿ ಒಂದು ಜೊತೆ ಎತ್ತಿದೆ. ಮನೆಯಲ್ಲಿ ತಾಯಿ ಮಂಚಮ್ಮ, ಹೆಂಡತಿ ಪ್ರಮೀಳಾ ಇದ್ದಾರೆ. ಉಳುವುದು, ಬಿತ್ತುವುದು, ಉಣ್ಣುವುದು.

ಊರಿನ ಯೋಚನೆ ಬೇರೆಯಿತ್ತು. ಊರಿಗೆ ಒಬ್ಬ ವೀರ ಯೋಧ ಬೇಕಾಗಿದ್ದ.

ಅದರಲ್ಲೂ ದೇವರಾಜುವಿಗೆ ಬೇಕಾಗಿದ್ದ. ದೇವರಾಜು ಮಂಚಮ್ಮನ ಅಣ್ಣನ ಮಗ, ಮರಿಸ್ವಾಮಿಗೆ ಬಾವ. ಹಿಂದೊಮ್ಮೆ ಹಾಲಿನ ಸೊಸೈಟಿಯ ಡೈರೆಕ್ಟರಾಗಿದ್ದ. ಅವಧಿ ಮುಗಿದಿದ್ದರೂ ಡೈರೆಕ್ಟರಿಕೆ ಮುಗಿದಿರಲಿಲ್ಲ. ಸ್ವಂತಕ್ಕೆ ಒಂದು ಮೈಕ್ ಸೆಟ್ಟು ಇಟ್ಟುಕೊಂಡಿದ್ದ. ಮೈಕು ಇದ್ದ ಮೇಲೆ ಸಭೆ ಬೇಕು, ಸಭೆ ಇದ್ದ ಮೇಲೆ ಸನ್ಮಾನ ಬೇಕು, ಸನ್ಮಾನ ಎಂದ ಮೇಲೆ ಮಾಡಿಸಿಕೊಳ್ಳುವವನೊಬ್ಬ ಬೇಕಲ್ಲವೆ? ಅಲ್ಲಿಯವರೆಗೆ ಊರಲ್ಲಿ ಅದಕ್ಕೆ ಲಾಯಕ್ಕಾದವರು ಇರಲಿಲ್ಲ. ಇದ್ದೊಬ್ಬ ಡೈರೆಕ್ಟರು ತನಗೆ ತಾನೇ ಎಷ್ಟು ಸಲ ಹಾರ ಹಾಕಿಕೊಂಡಾನು?

ಮೈಕಿನ ಮುಂದೆ ದೇವರಾಜುವಿನ ಭಾಷೆಯೇ ಬದಲಾಗುತ್ತಿತ್ತು. "ಹನುಮಂತ ಲಂಕೆಗೆ ಹೋಗಿ ಬಾಲಕ್ಕೆ ಬೆಂಕಿ ಹಚ್ಚಿಸಿಕೊಂಡು ಬಂದನು! ನಮ್ಮ ವೀರ ಯೋಧರಾದ ಮರಿಸ್ವಾಮಿಯವರು ಅದೇ ಲಂಕೆಗೆ ಹೋಗಿ ಕಾಲನ್ನೇ ಬಿಟ್ಟು ಬಂದರು! ಹಾಗಾದರೆ ಯಾರು ಹೆಚ್ಚು?" ಜನ ಚಪ್ಪಾಳೆ ತಟ್ಟುತ್ತಿದ್ದರು. ಪ್ಲಾಸ್ಟಿಕ್ ಹಾರದ ಕೆಳಗೆ ಮರಿಸ್ವಾಮಿ ಹಲ್ಲು ಕಚ್ಚಿಕೊಂಡು ಕೂತಿರುತ್ತಿದ್ದ. ಆ ಕಚ್ಚಿದ ಹಲ್ಲು ಫೋಟೋದಲ್ಲಿ ಶೌರ್ಯದಂತೆ ಕಾಣುತ್ತಿತ್ತು. ಆ ಫೋಟೋ ತೆಗೆಯುತ್ತಿದ್ದವನು ರಘುನಂದನ್, ಕೆ.ಆರ್.ಪೇಟೆಯ ಒಂದು ವಾರಪತ್ರಿಕೆಯ ಸಂಪಾದಕ. ವರದಿಗಾರನೂ ಅವನೇ, ಸೈಕಲ್ಲಿನಲ್ಲಿ ಪತ್ರಿಕೆ ಹಂಚುವವನೂ ಅವನೇ. ಮೊದಲ ಸಲ ಬಂದಾಗ ಅವನು ಮರಿಸ್ವಾಮಿಯನ್ನು ಕೇಳಿದ್ದು, "ಸಾರ್, ಅಲ್ಲಿ ಹಿಮ ಎಷ್ಟು ದಪ್ಪ ಬೀಳ್ತಿತ್ತು?" ಎಂದು.

"ಶ್ರೀಲಂಕಾದಲ್ಲಿ ಹಿಮ ಬೀಳಾಕಿಲ್ಲ ಕಣಪ್ಪ. ತೆಂಗಿನ್ಕಾಯಿ ಬೀಳ್ತವೆ."

ಮರುವಾರ ಪತ್ರಿಕೆಯಲ್ಲಿ 'ಹಿಮಗಡಿಯಲ್ಲಿ ಕಾಲು ಕಳೆದುಕೊಂಡ ಧೀರ' ಎಂದೇ ಬಂದಿತ್ತು. ದಪ್ಪಕ್ಷರದ ಅಚ್ಚುಮೊಳೆ ಮೊದಲೇ ಜೋಡಿಸಿಟ್ಟಿದ್ದರಂತೆ.

ಹೀಗೆ ಒಂದು ಊರಲ್ಲಿ ಶುರುವಾದದ್ದು ಬೇರೆ ಊರುಗಳಿಗೂ ಹಬ್ಬಿತು. ಪಾಂಡವಪುರದಲ್ಲಿ ಶಾಲಾ ವಾರ್ಷಿಕೋತ್ಸವ, ನಾಗಮಂಗಲದಲ್ಲಿ ರಾಜ್ಯೋತ್ಸವ, ಶ್ರೀರಂಗಪಟ್ಟಣದಲ್ಲಿ ಯಾವುದೋ ಸಂಘದ ಬೆಳ್ಳಿಹಬ್ಬ. ಎಲ್ಲ ಕಡೆಯೂ ಕೈಯಿರುವ ಕುರ್ಚಿ, ಪೇಟ, ಶಾಲು, ಹಣ್ಣಿನ ತಟ್ಟೆ. ಎಲ್ಲ ಕಡೆಯೂ ಅವನು ಎದ್ದರೆ ಇಬ್ಬರು ಬಂದು ಕಂಕುಳಿಗೆ ಕೈ ಹಾಕುವರು. ನೀರು ಕೇಳಿದರೆ ಲೋಟವನ್ನು ಬಾಯಿಗೇ ಹಿಡಿಯುವರು. ಶ್ರೀರಂಗಪಟ್ಟಣದಲ್ಲಂತೂ ಮೂತ್ರಕ್ಕೆ ಹೋಗಬೇಕೆಂದರೆ ಸಂಘದ ಕಾರ್ಯದರ್ಶಿಯೇ ಜೊತೆಗೆ ಹೊರಟಿದ್ದ. "ನೀವ್ ಇಲ್ಲೇ ನಿಂತ್ಕಳಿ ಸೋಮಿ, ಅದೊಂದ್ ಕೆಲ್ಸ ನಂಗೆ ಬತ್ತದೆ" ಎಂದು ಇದ್ದೊಂದು ಕೈಯನ್ನು ಹಣೆಗೆತ್ತಿ ಬಿಡಿಸಿಕೊಳ್ಳಬೇಕಾಯಿತು.

ಮನೆಯಲ್ಲಿ ಶಾಲುಗಳ ರಾಶಿ ಬೆಳೆಯಿತು. ಉಟ್ಟರೆ ಜಾರುತ್ತವೆ, ಹೊದ್ದರೆ ಚಳಿ ತಡೆಯುವುದಿಲ್ಲ. ಮಂಚಮ್ಮ ಒಂದನ್ನು ಬೂಸದ ಮೂಟೆಗೆ ಮುಚ್ಚಿದಳು, ಇನ್ನೊಂದನ್ನು ಚಳಿಗಾಲದಲ್ಲಿ ಹುಟ್ಟಿದ ಕರುವಿಗೆ ಹೊದಿಸಿದಳು. ಜರಿ ಅಂಚಿನ ಶಾಲು ಹೊದ್ದ ಕರು ಬಾಗಿಲಲ್ಲಿ ನಿಂತಿದ್ದಾಗ ದೇವರಾಜು ಬಂದ.

"ಏನತ್ತೆ ಇದು? ಸನ್ಮಾನದ್ ಶಾಲು!"

"ಇದೂ ಕುಂತ್ ಕಡೆ ಕುಂತಿರ್ತದೆ ಕಣ್ಲಾ. ಇರ್ಲಿ ಬುಡು."

ನಿಜವಾದ ಕಿರಿಕಿರಿ ಹೊಲದ್ದಾಗಿತ್ತು. ಮರಿಸ್ವಾಮಿ ಸೈನ್ಯದಲ್ಲಿದ್ದಾಗ ಆ ಎರಡು ಎಕರೆಯನ್ನು ದೇವರಾಜುವೇ ವಾರಕ್ಕೆ, ಅಂದರೆ ಪಾಲಿಗೆ, ಮಾಡುತ್ತಿದ್ದ. ಬೆಳೆದದ್ದರಲ್ಲಿ ಇವರ ಪಾಲಿನ ರಾಗಿಯನ್ನು ತಪ್ಪದೆ ತಂದು ಸುರಿಯುತ್ತಿದ್ದ. ಮೋಸಗಾರನಲ್ಲ. ಮೋಸಗಾರನಾಗಿದ್ದರೆ ಜಗಳವಾಡಿ ಬಿಡಿಸಿಕೊಳ್ಳಬಹುದಿತ್ತು. ಒಳ್ಳೆಯವನಾಗಿದ್ದದ್ದೇ ತೊಡಕು.

"ಬಾವ, ಈ ವರ್ಸದಿಂದ ಹೊಲ ನಾನೇ ಉತ್ಕತೀನಿ."

"ಏನ್ ಮಾತ್ ಅಂತ ಆಡ್ತೀಯಪ್ಪ! ದೇಸಕ್ಕೆ ಕಾಲ್ ಕೊಟ್ಟೋನು ನೀನು. ಮಣ್ಣಿಗ್ಯಾಕ್ ಇಳೀಬೇಕು? ನಾವೆಲ್ಲ ಸತ್ತೋಗಿದ್ದೀವಾ?"

"ಕೊಡ್ಲಿಲ್ಲ ಬಾವ. ಕಿತ್ಕೊಂಡೋಯ್ತು."

"ಅದೇಯ, ಎಲ್ಲಾ ಒಂದೇ. ನೀನ್ ಕುಂತ್ಕ, ನಾನ್ ಮಾಡ್ತೀನಿ."

ಕುಂತ್ಕ, ಕುಂತ್ಕ, ಕುಂತ್ಕ. ಊರಿಗೆ ಬಂದಾಗಿನಿಂದ ಮರಿಸ್ವಾಮಿ ಕೇಳಿದ ಮಾತೆಂದರೆ ಇದೊಂದೇ. ಹುಲ್ಲಿನ ಹೊರೆ ಎತ್ತಲು ಹೋದರೆ ಕುಂತ್ಕ. ಬಾವಿಯಿಂದ ನೀರು ಸೇದಲು ಹೋದರೆ ಕುಂತ್ಕ. ಅವನ ಕಾಲು ಹೋದದ್ದು ಒಂದು ಕ್ಷಣದಲ್ಲಿ. ಉಳಿದದ್ದನ್ನು ಊರಿನವರು ನಿಧಾನವಾಗಿ, ಪ್ರೀತಿಯಿಂದ ಕಳಚುತ್ತಿದ್ದರು.

ಆ ಹೋದ ಕಾಲಾದರೂ ಪೂರ್ತಿ ಹೋಗಿತ್ತೆ? ಅದೂ ಇಲ್ಲ. ಲಂಕೆಯ ಮಣ್ಣಿನಲ್ಲಿ ಎಲ್ಲೋ ಬಿದ್ದಿರುವ ಅಂಗಾಲು ಇಲ್ಲಿ ಊಟಕ್ಕೆ ಕೂತಾಗ ತುರಿಸುತ್ತಿತ್ತು. ಮರಿಸ್ವಾಮಿ ಮುಖ ಹಿಂಡುತ್ತಿದ್ದ. ಮಂಚಮ್ಮ ಏನೂ ಕೇಳದೆ ತೆಂಗಿನ ಪೊರಕೆಯ ಒಂದು ಕಡ್ಡಿ ತಂದು ಪುಣೆಯ ಕಾಲಿನ ಅಡಿಯನ್ನು ಪರಪರ ಕೆರೆಯುತ್ತಿದ್ದಳು. "ಇಲ್ಲೇನ್ಲಾ?" "ಒಸಿ ಎಡಕ್ಕೆ." "ಇಲ್ಲಿ?" "ಆ, ಅಲ್ಲೇಯ." ಹೇಗೆಂದು ಡಾಕ್ಟರುಗಳೇ ಹೇಳಬೇಕು, ನವೆ ನಿಲ್ಲುತ್ತಿತ್ತು. ಪ್ರಮೀಳಾ ಮೊದಲ ಸಲ ಇದನ್ನು ನೋಡಿ ಸೆರಗು ಬಾಯಿಗೆ ಹಾಕಿಕೊಂಡು ಅತ್ತಳು. ಆಮೇಲೆ ಅಭ್ಯಾಸವಾಗಿ, ಅತ್ತೆ ಇಲ್ಲದಾಗ ತಾನೇ ಕೆರೆದುಕೊಟ್ಟಳು.

ಒಂದು ವರ್ಷ ಅವನು ಊರಲ್ಲಿ ಯಾರಿಗೂ ಹೇಳದೆ ಹೊಲಕ್ಕೆ ಇಳಿದೂ ನೋಡಿದ. ಪುಣೆಯ ಕಾಲು ಡಾಂಬರು ರಸ್ತೆಗೆ ಹೇಳಿ ಮಾಡಿಸಿದ್ದು. ಉತ್ತ ಮಣ್ಣಿನಲ್ಲಿ ಅದು ಗೂಟದ ಹಾಗೆ ಇಳಿದು ಕೂತಿತು. ಎತ್ತುಗಳು ಮುಂದೆ ಹೋದವು, ಮರಿಸ್ವಾಮಿ ಹೊಲದ ನಡುವೆ ಬೆದರುಬೊಂಬೆಯ ಹಾಗೆ ನಿಂತುಬಿಟ್ಟ. ಪ್ರಮೀಳಾ ಬುತ್ತಿ ತಂದು, ಬುತ್ತಿ ಕೆಳಗಿಟ್ಟು, ಗೆಣಸು ಕೀಳುವಂತೆ ಗಂಡನನ್ನು ಕಿತ್ತಳು.

"ನಗ್ಬ್ಯಾಡ."

"ನಾನೆಲ್ ನಕ್ಕೆ? ನಡೀರಿ, ಮುದ್ದೆ ಆರೋಯ್ತದೆ."

ಅವಳು ನಕ್ಕಿದ್ದಳು. ಅದೊಂದೇ ಆ ವರ್ಷ ಅವನಿಗೆ ಸಿಕ್ಕಿದ ನೇರವಾದ ಮರ್ಯಾದೆ.

ಆಮೇಲೆ ಊರಿನ ಬಡಗಿ ಸುಬ್ಬಾಚಾರಿಯ ಹತ್ತಿರ ಹಗುರವಾದ ಹಾಲುವಾಣದ ಮರದಲ್ಲಿ ಒಂದು ಕಾಲು ಮಾಡಲು ಹೇಳಿದ. ಆಚಾರಿಗೆ ಉತ್ಸಾಹ ಜಾಸ್ತಿಯಾಗಿ, ಸುತ್ತ ಬಳೆ ಕೊರೆದು, ನಡುವೆ ಕಮಲ ಕೆತ್ತಿ, ವಾರ್ನಿಷ್ ಹೊಡೆದು ತಂದುಕೊಟ್ಟ. ಮಂಚದ ಕಾಲು ಹೇಗಿರುತ್ತದೋ ಹಾಗೇ ಇತ್ತು.

"ಆಚಾರಿ, ನನ್ ಮ್ಯಾಲೆ ಯಾರಾದ್ರೂ ಮನಿಕ್ಕಬೇಕಾ?"

"ವೀರ ಯೋಧರ ಕಾಲು ಅಲ್ವರಾ? ವಸಿ ನೋಡಾಕೆ ಚೆಂದಾಗಿರ್ಲಿ ಅಂತ..."

ಕಮಲವನ್ನು ಕೆತ್ತಿ ತೆಗೆಸಿ, ಅಡಿಯನ್ನು ಅಗಲ ಮಾಡಿಸಿದ್ದಾಯಿತು. ಅಗಲವಾದ ಅಡಿ ಹೂತುಕೊಳ್ಳಲಿಲ್ಲ, ಆದರೆ ಮಣ್ಣಿನ ಹೆಂಟೆಯ ಮೇಲೆ ಜಾರಿತು. ಹಿಡಿತಕ್ಕೆ ಪಟ್ಟೆ ಬಿದ್ದ ಟಯರು ಬೇಕು ಎಂದು ಮರಿಸ್ವಾಮಿಗೆ ಹೊಳೆಯಿತು. ಕೆ.ಆರ್.ಪೇಟೆಯಲ್ಲಿ ಸಿಕ್ಕಿದ್ದು ಸವೆದ ಸ್ಕೂಟರ್ ಟಯರು. ಲಾರಿ ಟಯರು ಬೇಕೆಂದರೆ ಹೆದ್ದಾರಿಯ ಬೆಳ್ಳೂರು ಕ್ರಾಸೇ ಗತಿ.

ಇನ್ನು ಕೈಯ ಪ್ರಶ್ನೆ. ಉಳುವವನಿಗೆ ಒಂದು ಕೈ ನೇಗಿಲ ಹಿಡಿಯಾದ ಮೇಳಿಗೆ, ಇನ್ನೊಂದು ಬಾರುಕೋಲಿಗೆ. ಇವನಿಗಿದ್ದದ್ದು ಒಂದೇ. ಅದನ್ನು ಮೇಳಿಗೆ ಕೊಟ್ಟು, ಬಾರುಕೋಲಿನ ಕೆಲಸವನ್ನು ಗಂಟಲಿಗೆ ಒಪ್ಪಿಸಿದ. ಆ ಗಂಟಲು ಪೆರೇಡ್ ಮೈದಾನದಲ್ಲಿ ಪಳಗಿದ್ದು. ಕೆಂದ, ಮಾಸ ಎಂಬ ಎರಡು ಎತ್ತುಗಳಿಗೆ ಕೆರೆ ಅಂಗಳದಲ್ಲಿ ತಿಂಗಳುಗಟ್ಟಲೆ ಡ್ರಿಲ್ ನಡೆಯಿತು. "ತೇಜ್ ಚಲ್!" ಎಂದರೆ ಹೊರಡಬೇಕು. "ದಹಿನೇ ಮುಡ್!" ಎಂದರೆ ಬಲಕ್ಕೆ. "ಥಮ್!" ಎಂದರೆ ಕಲ್ಲಿನ ಹಾಗೆ ನಿಲ್ಲಬೇಕು. ಕೆಂದ ಬೇಗ ಕಲಿಯಿತು. ಮಾಸ ಕೊಂಚ ಸೋಮಾರಿ, ಕೆಂದನನ್ನು ನೋಡಿ ಕಾಪಿ ಹೊಡೆಯಿತು.

"ಲೇ ದೇವ, ನಮ್ ಎತ್ಗೊಳು ಇಂದಿ ಕಲ್ತವೆ ಕಣ್ಲಾ" ಎಂದಳು ಮಂಚಮ್ಮ ಒಂದು ದಿನ. "ನಿನ್ ಮಗ ಕುಮಾರ ಐಸ್ಕೂಲ್ನಲ್ಲಿ ಅದ್ರಲ್ಲೇ ಅಲ್ವಾ ಫೇಲಾಗಿದ್ದು?"

ತೊಂಬತ್ತಮೂರರ ಯುಗಾದಿ ಹತ್ತಿರವಾಯಿತು. ಆ ಸೀಮೆಯಲ್ಲಿ ಯುಗಾದಿಯ ದಿನ ಹೊನ್ನಾರು ಹೂಡುತ್ತಾರೆ. ವರ್ಷದ ಮೊದಲ ಉಳುಮೆ ಅದು. ಪಂಚಾಂಗ ನೋಡಿ ಯಾರ ಹೆಸರಿಗೆ ಬಂದಿದೆಯೋ ಅವರ ನೇಗಿಲು ಮುಂದೆ, ಉಳಿದವರದು ಹಿಂದೆ. ಹೊನ್ನಾರಿನ ದಿನ ತನ್ನ ಹೊಲಕ್ಕೆ ತಾನೇ ನೇಗಿಲು ಇಳಿಸಿದವನು ಆ ವರ್ಷದ ಬೇಸಾಯಗಾರ. ಇಳಿಸದವನ ಹೊಲಕ್ಕೆ ಹಿಂದಿನ ವರ್ಷ ಮಾಡಿದವರೇ ಮುಂದುವರಿಯುವುದು ಮಾಳೇಕೊಪ್ಪಲಿನ ವಾಡಿಕೆ. ಈ ಯುಗಾದಿಯೂ ಕೈತಪ್ಪಿದರೆ ಇನ್ನೊಂದು ವರ್ಷ ಕುಂತ್ಕ. ಮರಿಸ್ವಾಮಿಗೆ ಅದು ಚೆನ್ನಾಗಿ ಗೊತ್ತಿತ್ತು. ಮೂಲೆಯಲ್ಲೆಲ್ಲೋ ತನ್ನ ಪಾಡಿಗೆ ತಾನು ಒಂದು ಸಾಲು ಎಳೆದುಕೊಂಡು ಬರುವುದೆಂದು ಅವನ ಎಣಿಕೆ.

ಅಷ್ಟು ಸುಲಭವಾಗಿ ಮುಗಿಯುವುದಾಗಿದ್ದರೆ ಇದನ್ನು ಬರೆಯುವ ಅಗತ್ಯವಿರಲಿಲ್ಲ. ಅರಳಿಕಟ್ಟೆಯಲ್ಲಿ ಪಂಚಾಂಗದ ಅಯ್ನೋರು ಕನ್ನಡಕ ಏರಿಸಿ, ಬೆರಳು ಮಡಿಸಿ, "ಈ ವರ್ಷದ ಹೊನ್ನಾರು ಮರಿಸ್ವಾಮಿಯ ಹೆಸರಿಗೆ ಬಂದಿದೆ" ಎಂದರು.

ಕಟ್ಟೆಯ ಮೇಲೆ ಯಾರೋ ಕೆಮ್ಮಿದರು. ಎರಡು ವರ್ಷ ಯಾವ ಕಾಲಿಗೆ ಹಾರ ಹಾಕಿದ್ದರೋ ಅದೇ ಕಾಲನ್ನು ಎಲ್ಲರೂ ಒಟ್ಟಿಗೆ ನೋಡಿದರು.

"ಅಂಗ ಊನವಾದವರು ಶುಭಕಾರ್ಯಕ್ಕೆ ಮುಂದಾಗಬಾರದು ಅಂತ ಒಂದು ಅಭಿಪ್ರಾಯ ಉಂಟು" ಎಂದರು ಅಯ್ನೋರು. "ಆಗಬಹುದು ಅಂತಲೂ ಒಂದು ಅಭಿಪ್ರಾಯ ಉಂಟು."

"ನಿಮ್ದ್ಯಾವ್ದು ಅಯ್ನೋರೆ?"

"ಊರಿನವರದ್ದು ಯಾವುದೋ ಅದೇ."

ದೇವರಾಜು ಎದ್ದುನಿಂತ. ಮೈಕಿಲ್ಲದ್ದರಿಂದ ಕೈ ಎಲ್ಲಿಡಬೇಕೆಂದು ತಿಳಿಯದೆ ಸೊಂಟದ ಮೇಲಿಟ್ಟುಕೊಂಡ. "ನೋಡ್ರಪ್ಪ, ಮರಿಸ್ವಾಮಿಗೆ ಅವಮಾನ ಆಗ್ಬಾರ್ದು. ಹೊಲದ್ ಬದೀಲಿ ಶಾಮಿಯಾನ ಹಾಕ್ಸನ. ಕುರ್ಚಿ ಮಡಗ್ಸನ. ಅವ್ನು ಹಾರ ಹಾಕೊಂಡು ಕುಂತಿರ್ಲಿ. ಅವನೆಸ್ರಲ್ಲಿ ನೇಗ್ಲು ನಾನ್ ಇಡೀತೀನಿ. ಹೆಸರಿಗೆ ಅವ್ನು, ಕ್ಯಾಮೆಗೆ ನಾನು."

"ಹೆಸರು ಬಂದಿರೋದು ನಂಗೆ" ಎಂದ ಮರಿಸ್ವಾಮಿ. "ಕಾಲ್ಗೆ ಬ್ಯಾರೆ ಹೆಸರು ಮಡಗಿಲ್ಲ."

"ಕ್ವಾಪ ಮಾಡ್ಕಬ್ಯಾಡ ಕಣಪ್ಪ, ನಿನ್ ಒಳ್ಳೇದಕ್ಕೇ..."

"ನನ್ ಒಳ್ಳೇದು ಮಾಡಿ ಮಾಡಿ ಸಾಯಿಸ್ತಾ ಇದ್ದೀರಲ್ಲಾ ಬಾವ! ಬಾಂಬ್ ಮಡಗ್ದೋನೇ ವಾಸಿ, ಒಂದೇ ಏಟ್ಗೆ ಮುಗಿಸ್ದ!"

ಹೆಂಗಸರ ಕಡೆಯಿಂದ ಮಂಚಮ್ಮನ ದನಿ ಬಂತು. "ಅಲ್ಲ ಕಣ್ರಪ್ಪ, ಓದ್ ವರ್ಸ ನಮ್ ಕುಳ್ಳಯ್ಯಣ್ಣ ಹೂಡ್ದಾಗ ಊನ ಎಲ್ಲೋಗಿತ್ತು? ಕಣ್ಣಿಗೆ ಪೊರೆ ಬಂದು ಆಗ್ಲೇ ಎಷ್ಟ್ ದಿನ ಆಗಿತ್ತು? ಹೊಲ ದಾಟಿ ಸ್ಮಶಾನದ್ ತನ್ಕ ಉತ್ಕೊಂಡೋಗಿದ್ನಲ್ಲ, ಇಡ್ಕಂಡ್ ಬಂದ್ರಲ್ಲ!"

ಕುಳ್ಳಯ್ಯ ಊರಿಗೆ ಹಿರಿಯ. ಹೊನ್ನಾರಿನ ವಿಷಯದಲ್ಲಿ ಅವನ ಮಾತೇ ಕೊನೆ. "ಸ್ಮಶಾನ ಅಲ್ಲ ಕಣವ್ವ" ಎಂದ ಅವನು ನೊಂದು. "ಅದ್ರ ಬೇಲಿ ತನ್ಕ."

ಜನ ನಕ್ಕರು. ನಗು ನಿಂತ ಮೇಲೆ ಕುಳ್ಳಯ್ಯ ಗಂಟಲು ಸರಿಮಾಡಿಕೊಂಡ. ಕಾಣದ ಕಣ್ಣನ್ನು ಮರಿಸ್ವಾಮಿ ಇರಬಹುದಾದ ಕಡೆ ತಿರುಗಿಸಿ, "ಹೂಡ್ಲಿ ಬುಡ್ರಪ್ಪ. ಆದ್ರೆ ಕಟ್ಟಳೆ ಕಟ್ಟಳೇನೆ. ಮೂರ್ ಸುತ್ತು ಪೂರಾ ಬರ್ಬೇಕು. ನೇಗ್ಲು ಇಳುದ್ಮೇಲೆ ಅವ್ನ್ ಕೈಯೊಂದೇ ಮೇಳಿ ಮ್ಯಾಲೆ ಇರ್ಬೇಕು. ಬ್ಯಾರೆಯೋರ ಕೈ ಬಿತ್ತೋ, ಅಲ್ಲಿಗೆ ಮುಗೀತು. ದೇವ್ರಾಜ ಹೊಸ್ದಾಗಿ ಹೂಡ್ತಾನೆ" ಎಂದ.

ಮರಿಸ್ವಾಮಿಗೆ ಕಟ್ಟಳೆಯ ಭಯವಿರಲಿಲ್ಲ. ಸಹಾಯದ ಭಯವಿತ್ತು.

ಯುಗಾದಿಯ ಬೆಳಿಗ್ಗೆ ಬೇವು ಬೆಲ್ಲ ತಿಂದು, ಎತ್ತುಗಳ ಮೈತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ನೇಗಿಲಿಗೆ ಪೂಜೆ ಮಾಡಿ ಮರಿಸ್ವಾಮಿ ಹೊಲಕ್ಕೆ ಬಂದರೆ, ಬದುವಿನ ಮೇಲೆ ಶಾಮಿಯಾನ ಎದ್ದು ನಿಂತಿತ್ತು. ಅದರೊಳಗೆ ಕೈಯಿರುವ ಕುರ್ಚಿ. ಕುರ್ಚಿಯ ಮೇಲೆ ಮಡಿಸಿಟ್ಟ ಹೊಸ ಶಾಲು. ಪಕ್ಕದಲ್ಲಿ ಮೈಕು, ಮೈಕಿನ ಪಕ್ಕದಲ್ಲಿ ರೇಷ್ಮೆ ಪಂಚೆಯ ದೇವರಾಜು, ದೇವರಾಜುವಿನ ಪಕ್ಕದಲ್ಲಿ ಕ್ಯಾಮೆರಾ ಹಿಡಿದ ರಘುನಂದನ್.

"ಇದ್ಯಾಕೆ ಬಾವ?"

"ಇರ್ಲಿ ಅಂತ. ಸುಸ್ತಾದ್ರೆ ಕುಂತ್ಕಬೋದು."

ಮರಿಸ್ವಾಮಿ ನೇಗಿಲು ಇಳಿಸಿ, ಬ‌ಲಗೈಯಲ್ಲಿ ಮೇಳಿ ಅದುಮಿ, "ತೇಜ್ ಚಲ್!" ಎಂದ. ಕೆಂದ ಹೊರಟಿತು, ಮಾಸ ಕೆಂದನನ್ನು ನೋಡಿ ಹೊರಟಿತು. ವಾರದ ಹಿಂದೆ ಬಿದ್ದ ಮಳೆಗೆ ಮಣ್ಣು ಹದವಾಗಿತ್ತು. ಲಾರಿ ಟಯರಿನ ಪಟ್ಟೆ ಸಾಲಿನುದ್ದಕ್ಕೂ ಅಚ್ಚು ಒತ್ತುತ್ತಾ ಹೋಯಿತು. ಒಂದು ಕಡೆ ಮನುಷ್ಯನ ಹೆಜ್ಜೆ, ಇನ್ನೊಂದು ಕಡೆ ಲಾರಿಯ ಹೆಜ್ಜೆ. ಮೊದಲ ಸುತ್ತು ಮುಗಿಯಿತು. ಎರಡನೆಯದೂ ಮುಗಿಯಿತು. ಹಿಂದೆ ಸಾಲುಗಟ್ಟಿ ನಿಂತಿದ್ದ ನೇಗಿಲುಗಳವರು ಮಾತು ನಿಲ್ಲಿಸಿದ್ದರು. ದೇವರಾಜು ಒಬ್ಬನೇ ನಿಲ್ಲಿಸಿರಲಿಲ್ಲ. "ಇಗೋ ವೀರ ಯೋಧರು ತಿರುಗುತ್ತಿದ್ದಾರೆ! ಇಗೋ ವೀರ ಯೋಧರು ಬೆವರು ಒರೆಸಿಕೊಳ್ಳುತ್ತಿದ್ದಾರೆ!"

ಮೂರನೆಯ ಸುತ್ತಿನ ತಿರುವಿನಲ್ಲಿ ದೊಡ್ಡ ಹೆಂಟೆಯೊಂದಕ್ಕೆ ಮರದ ಕಾಲು ಸಿಕ್ಕಿತು. ಪಟ್ಟಿ ಸಡಿಲಿ, ಕಾಲು ಅಲ್ಲೇ ನಿಂತಿತು, ಮರಿಸ್ವಾಮಿ ಮುಂದಕ್ಕೆ ಬಿದ್ದ. ಮುಖ ಮಣ್ಣಿನಲ್ಲಿತ್ತು, ಆದರೆ ಕೈ ಮೇಳಿ ಬಿಟ್ಟಿರಲಿಲ್ಲ.

"ಬಿದ್ದರು! ವೀರ ಯೋಧರು ಬಿದ್ದರು!" ಎಂದು ಮೈಕು ಕೂಗಿತು. ಆಮೇಲೆ ಮೈಕಿನ ಭಾಷೆ ಬಿಟ್ಟು, "ಅಯ್ಯಯ್ಯೋ, ಎತ್ಗಳ್ರೋ ಅವ್ನ!" ಎಂದು ಚೀರಿತು. ಇಡೀ ಊರು ಓಡಿ ಬಂತು. ನೇಗಿಲು ಬಿಟ್ಟು ಬಂದವರು, ಮೊರ ಬಿಸಾಡಿ ಬಂದವರು, ಏನಾಯಿತೆಂದು ತಿಳಿಯದೆ ಬಂದ ಕುಳ್ಳಯ್ಯ, ಎಲ್ಲರಿಗಿಂತ ಮುಂದೆ ಪಂಚೆ ಎತ್ತಿಕಟ್ಟಿದ ದೇವರಾಜು. ಎಲ್ಲರ ಕೈಯೂ ಮುಂದಕ್ಕೆ ಚಾಚಿತ್ತು. ಮರಿಸ್ವಾಮಿ ತಲೆಯೆತ್ತಿ ನೋಡಿದರೆ ಕಂಡದ್ದು ಬರೀ ಕೈಗಳು. ಮೇಳಿ ಹಿಡಿದು ಅವನನ್ನು ಎಬ್ಬಿಸಲು ದೇವರಾಜುವಿನ ಕೈ ಇನ್ನೇನು ಒಂದು ಗೇಣು ದೂರದಲ್ಲಿತ್ತು.

"ಥಮ್!"

ಆ ದನಿ ಕೆರೆಯಾಚೆಗೂ ಕೇಳಿಸಿತಂತೆ. ಎತ್ತುಗಳು ಕಲ್ಲಾಗಿ ನಿಂತವು. ಊರೂ ನಿಂತಿತು. ಯಾರಿಗೂ ಹಿಂದಿ ಬರುತ್ತಿರಲಿಲ್ಲ, ಆದರೂ ಒಬ್ಬರೂ ಅರ್ಥ ಕೇಳಲಿಲ್ಲ. ದೇವರಾಜುವಿನ ಚಾಚಿದ ಕೈ ಗಾಳಿಯಲ್ಲೇ ಉಳಿಯಿತು.

"ಮೇಳಿ ಮುಟ್ದೋನ ಕೈ ಮುರುದ್ಬುಡ್ತೀನಿ" ಎಂದ ಮರಿಸ್ವಾಮಿ, ಬಾಯಿಂದ ಮಣ್ಣು ಉಗಿದು. "ನಿಮ್ ದಮ್ಮಯ್ಯ, ಒಂದೇ ಒಂದು ಸಲ ನನ್ ಸಹಾಯಕ್ಕೆ ಬರ್ಬ್ಯಾಡ್ರಿ. ಬಾವ, ಆ ಮೈಕ್ ಕುಯ್ಯೋ ಅಂತದೆ, ಎತ್ತು ಬೆದರ್ತವೆ. ಆರ್ಸು."

ದೇವರಾಜು ಓಡಿಹೋಗಿ ಮೈಕು ಆರಿಸಿದ. ಅದನ್ನು ಕೊಂಡಾಗಿನಿಂದ, ಸಭೆ ಮುಗಿಯುವ ಮೊದಲು ಅದು ಆರಿದ್ದು ಅದೇ ಮೊದಲು.

ಮಂಚಮ್ಮ ಮಾತ್ರ ಓಡಿ ಬಂದಿರಲಿಲ್ಲ. ಅವಳು ಹಿಂದಿನಿಂದ, ಸಾಲಿನಲ್ಲೇ ನಿಧಾನವಾಗಿ ನಡೆದು ಬಂದಳು. ಹೆಂಟೆಯಲ್ಲಿ ನಿಂತಿದ್ದ ಕಾಲನ್ನು ಕಿತ್ತು, ಸೆರಗಿನಿಂದ ಮಣ್ಣು ಒರೆಸಿದಳು. ಮರಿಸ್ವಾಮಿ ಮೇಳಿಯ ಮೇಲೆ ಭಾರ ಬಿಟ್ಟು ಒಂದೇ ಕಾಲಲ್ಲಿ ಎದ್ದು ನಿಂತಿದ್ದ. ಅವಳು ಕೆಳಗೆ ಕೂತು ಕಾಲು ಜೋಡಿಸಿ, ಪಟ್ಟಿ ಎಳೆದು, ಹಗ್ಗ ಹರಿಯುವ ಹಸುವಿಗೆ ಹಾಕುವ ಗಂಟನ್ನು ಹಾಕಿದಳು.

"ಬಿಗ್ಯಾಗ್ ಕಟ್ಕ, ಬಿಗ್ಯಾಗ್ ಕಟ್ಕ ಅಂತ ಬೆಳಿಗ್ಗೆಯಿಂದ ಬಡ್ಕತಿದ್ದೆ. ಕೇಳುದ್ರೆ ತಾನೆ?"

"ಆಯ್ತು ಕಣವ್ವ."

"ಏನ್ ಆಯ್ತು? ನಡಿ ಇನ್ನ. ಬಿಸ್ಲು ಏರ್ತು."

"ತೇಜ್ ಚಲ್!"

ಉಳಿದರ್ಧ ಸುತ್ತು ಮುಗಿಸಿ ನೇಗಿಲು ಹೊರಟ ಜಾಗಕ್ಕೆ ಬಂದು ಮುಟ್ಟಿತು. ಮರಿಸ್ವಾಮಿ "ಥಮ್" ಎಂದು ಮೆತ್ತಗೆ ಹೇಳಿ, ನೇಗಿಲನ್ನು ತಾನೇ ಎತ್ತಿ ಓರೆ ಮಾಡಿದ. ಕುಳ್ಳಯ್ಯನನ್ನು ಕೈಹಿಡಿದು ಸಾಲಿನ ಹತ್ತಿರ ಕರೆತಂದರು. ಅವನು ಬಗ್ಗಿ, ಹೊಸ ಮಣ್ಣನ್ನು ಹಸ್ತದಿಂದ ಸವರಿ, "ನೆಟ್ಗೆ ಕಾಣ್ತದೆ" ಎಂದು ತೀರ್ಪು ಕೊಟ್ಟ.

ಇನ್ನು ಉಳಿದ ನೇಗಿಲುಗಳು ಹೊನ್ನಾರಿನ ಹಿಂದೆ ಇಳಿಯಬೇಕು. ದೇವರಾಜು ಪಂಚೆ ಇಳಿಬಿಟ್ಟು, ಮತ್ತೆ ಎತ್ತಿಕಟ್ಟಿ, ಸ್ವಲ್ಪ ಹೊತ್ತು ಕುರ್ಚಿಯ ಕಡೆ ನೋಡಿದ. ಆಮೇಲೆ ತನ್ನ ಜೋಡಿಯನ್ನು ಹಿಡಿದುಕೊಂಡು ಬಂದು, ಮರಿಸ್ವಾಮಿಯ ಸಾಲಿನ ಹಿಂದೆ ಒಂದು ಸಾಲು ಹೊಡೆದು, ಬದು ದಾಟಿ ತನ್ನ ಹೊಲಕ್ಕೆ ಇಳಿದ. ಅಲ್ಲಿಂದಲೇ ಕೂಗಿದ. ಮೈಕಿರಲಿಲ್ಲವಾದ್ದರಿಂದ ಹಳೆಯ ದನಿಯಲ್ಲೇ ಕೂಗಿದ.

"ಲೇ ಮರಿಸ್ವಾಮಿ! ಬಿತ್ನೆ ರಾಗಿ ಅದೇನ್ಲಾ ಮನೇಲಿ?"

"ಅದೆ ಬಾವ!"

"ಇಲ್ದಿದ್ರೆ ಯೋಳು. ಆಮೇಕೆ ಬಂದು ಪ್ರಾಣ ತಿನ್ಬ್ಯಾಡ!"

ಎರಡು ವರ್ಷಗಳ ನಂತರ ಬಾವನ ಬಾಯಿಂದ ಬಂದ ಆ 'ಲೇ' ಕೇಳಿ ಮರಿಸ್ವಾಮಿ ಮುಖದ ಮಣ್ಣನ್ನು ತೋಳಿನಿಂದ ಒರೆಸಿಕೊಂಡ. ಶಾಮಿಯಾನದ ಕುರ್ಚಿಯಲ್ಲಿ, ಮಡಿಸಿದ ಶಾಲಿನ ಮೇಲೆ, ಯಾರದೋ ಮನೆಯ ಕೋಳಿ ಹತ್ತಿ ಕೂತಿತ್ತು.

ಪ್ರಮೀಳಾ ಮಜ್ಜಿಗೆ ತಂದುಕೊಟ್ಟಳು. ಅವನು ಲೋಟವನ್ನು ತಾನೇ ಹಿಡಿದು ಕುಡಿಯುತ್ತಿದ್ದಾಗ ರಘುನಂದನ್ ಉತ್ತ ಮಣ್ಣಿನಲ್ಲಿ ಎಡವುತ್ತಾ, ಒಂದು ಚಪ್ಪಲಿಯನ್ನು ಎಲ್ಲೋ ಬಿಟ್ಟು, ಹತ್ತಿರ ಬಂದ. ಪೆನ್ನಿನ ಮುಚ್ಚಳ ತೆಗೆದು, ಗಂಭೀರವಾಗಿ ಕೇಳಿದ:

"ಸಾರ್, ನಮ್ಮ ಓದುಗರಿಗೆ ಒಂದು ಮಾತು. ಒಂದೇ ಕಾಲಿಟ್ಟುಕೊಂಡು ಹೊಲ ಉಳೋದು ತಮಗೆ ಹೇಗೆ ಸಾಧ್ಯವಾಯಿತು?"

ಮರಿಸ್ವಾಮಿ ಮಜ್ಜಿಗೆಯ ಲೋಟ ಕೆಳಗಿಟ್ಟ. ರಘುನಂದನನನ್ನು ನೋಡಿದ, ಎತ್ತುಗಳನ್ನು ನೋಡಿದ.

"ಉಳೋದು ಎತ್ತು ಕಣಪ್ಪ. ಅವುಕ್ಕೆ ನಾಕೂ ನೆಟ್ಗವೆ."